ಬಿಳಿ ಕೈಗವಸು

ಹೂವಪ್ಪಗೌಡರು ಹಿಡಿದ ಕೈಯನ್ನು ಬಿಡಲೇ ಇಲ್ಲ. ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬಂದವರೇ ಸುರೇಂದ್ರನ ಬಲಗೈ ಹಿಡಿದು, ಹೆಬ್ಬೆರಳಿನಿಂದ ಅವನ ಬೆರಳಿನ ಗೆಣ್ಣನ್ನು ಒಮ್ಮೆ ಒತ್ತಿದರು. ಸಾಲದೆಂಬಂತೆ ಇನ್ನೊಮ್ಮೆ ಒತ್ತಿ, ಹುಬ್ಬು ಏರಿಸಿ ಮುಖ ನೋಡಿದರು. ಸಂತೆಯಲ್ಲಿ ಮಾವಿನಹಣ್ಣು ಕಳಿತಿದೆಯೋ ಇಲ್ಲವೋ ಎಂದು ನೋಡುವವರ ಒತ್ತು ಅದು. ಹೊಸನಗರದಿಂದ ಬರುವಾಗ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಏನನ್ನೋ ನೋಡಿಕೊಂಡು ಬಂದಿದ್ದಾರೆಂದು ಸುರೇಂದ್ರನಿಗೆ ಗೊತ್ತಾಯಿತು. ಹೀಗೆ ಅವನ ಕೈ ಒತ್ತಿದವರಲ್ಲಿ ಇವರೇನೂ ಮೊದಲಿಗರಲ್ಲ.

"ಬನ್ನಿ ಗೌಡ್ರೆ, ಕೂತ್ಕಳಿ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡ.

"ಗೊತ್ತಾತು ಬಿಡಿ" ಎಂದು ಹೂವಪ್ಪಗೌಡರು ಒಂದು ಕಣ್ಣು ಮಿಟುಕಿಸಿ ಕುರ್ಚಿಯಲ್ಲಿ ಕೂತರು.

ಸುರೇಂದ್ರ ತೀರ್ಥಹಳ್ಳಿ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಅಂಗಡಿಯ ಮೇಲೆಯೇ ಮನೆ. ತಿಂಗಳಿಗೊಂದು ಶನಿವಾರ ಕಪ್ಪು ಕೋಟನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತುತ್ತಾನೆ. ಅಲ್ಲಿನ ಫ್ರೀಮೇಸನ್ ಸಂಘಕ್ಕೆ ಅವನು ಸೇರಿ ಇಪ್ಪತ್ತು ವರ್ಷವಾಯಿತು. ಅಂಥ ಸಂಘಕ್ಕೆ ಲಾಡ್ಜ್ ಎನ್ನುವುದು ವಾಡಿಕೆ. ಹಾಗಾಗಿ ಅವನ ಅತ್ತೆ ಬದುಕಿರುವಷ್ಟು ದಿನವೂ ಅಳಿಯನನ್ನು ಒಂದು ಥರ ನೋಡುತ್ತಿದ್ದರು. ಊರಿನವರು ಅಷ್ಟಕ್ಕೇ ನಿಲ್ಲಲಿಲ್ಲ. ಸುರೇಂದ್ರ ತಲೆಬುರುಡೆ ಇಟ್ಟು ಪೂಜೆ ಮಾಡುತ್ತಾನೆ ಎಂದರು. ಒಳಗೊಳಗೇ ಕ್ರಿಶ್ಚಿಯನ್ ಆಗಿದ್ದಾನೆ ಎಂದರು. ಒಂದು ಸಲ ಸಾಗರದ ಕಡೆಯ ಇಬ್ಬರು ಅಂಗಡಿಗೆ ಬಂದು, ಕನ್ನಡಕ ನೋಡುವ ನೆಪದಲ್ಲಿ ಅರ್ಧ ಗಂಟೆ ಕೂತು, ಕೊನೆಗೆ ದನಿ ತಗ್ಗಿಸಿ, ಇಕ್ಕೇರಿಯ ಹತ್ತಿರ ನಿಧಿ ಇರುವ ಜಾಗ ನಿಮ್ಮ ಕಡೆಯವರಿಗೆ ಗೊತ್ತಂತಲ್ಲ ಎಂದು ಕೇಳಿದ್ದರು. ನಿಧಿ ಗೊತ್ತಿದ್ದವನು ಇಲ್ಲಿ ಕೂತು ಕನ್ನಡಕಕ್ಕೆ ಸ್ಕ್ರೂ ಹಾಕುತ್ತಿದ್ದೆನೇ ಎಂದು ಕೇಳುವಷ್ಟು ಉತ್ಸಾಹವೂ ಅವನಲ್ಲಿ ಅಂದು ಉಳಿದಿರಲಿಲ್ಲ.

ಅಲ್ಲಿ ನಡೆಯುವುದನ್ನು ನೋಡಿದರೆ ಊರಿನವರಿಗೆ ದೊಡ್ಡ ನಿರಾಸೆಯಾಗುತ್ತಿತ್ತು. ಹಳೆಯ ಹಾಲು, ಕಿರುಗುಟ್ಟುವ ಫ್ಯಾನು. ಮೇಜಿನ ಮೇಲೆ ಗೀತೆ, ಕುರಾನು, ಬೈಬಲ್ಲು ಒಟ್ಟಿಗೇ ಇರುತ್ತವೆ. ಯಾರ ದೇವರು ಯಾರಾದರೂ ಆಗಲಿ, ದೇವರಿದ್ದಾನೆಂದು ನಂಬಿದರೆ ಸಾಕು. ಹತ್ತು ಹನ್ನೆರಡು ಜನ ಬಿಳಿ ಕೈಗವಸು ತೊಟ್ಟು, ಹಿಂದಿನ ಕಾಲದ ಕಲ್ಲುಕೆಲಸದವರಂತೆ ಸೊಂಟಕ್ಕೆ ಚರ್ಮದ ಏಪ್ರನ್ ಕಟ್ಟಿಕೊಂಡು, ಬಾಯಿಪಾಠ ಮಾಡಿದ ಮಾತುಗಳನ್ನು ಒಪ್ಪಿಸುತ್ತಾರೆ. ಮೂಲೆಮಟ್ಟದ ಹಾಗೆ ನೇರವಾಗಿ ನಡೆ, ಕೈವಾರದ ಹಾಗೆ ಮಿತಿಯಲ್ಲಿರು ಎಂಬಂಥ ಮಾತುಗಳು. ನಿವೃತ್ತ ಪೋಸ್ಟ್‌ಮಾಸ್ಟರರು ಪ್ರತಿ ಸಲವೂ ಅರ್ಧಕ್ಕೆ ಮರೆಯುತ್ತಾರೆ. ಪಕ್ಕದವರು ಪಿಸುಗುಟ್ಟಿ ನೆನಪಿಸುತ್ತಾರೆ. ಧರ್ಮ, ರಾಜಕೀಯ ಮಾತಾಡುವ ಹಾಗಿಲ್ಲ. ಆಮೇಲೆ ಊಟ. ವರ್ಷಕ್ಕೊಮ್ಮೆ ಯಾವುದಾದರೂ ಶಾಲೆಯಲ್ಲಿ ಕಣ್ಣಿನ ಶಿಬಿರ. ಧಂದೆ ಕುದುರುತ್ತದೆಂದು ಸೇರಿದ ಹುಡುಗರು ನಾಲ್ಕು ತಿಂಗಳಿಗೆ ಬೇಸತ್ತು ಬಿಡುತ್ತಾರೆ. ಸುರೇಂದ್ರನಿಗೂ ಈಚೆಗೆ ಬಸ್ಸಿನ ಪ್ರಯಾಣವೇ ಸಾಕೆನಿಸುತ್ತಿತ್ತು. ಆದರೂ ಹೋಗುತ್ತಿದ್ದ. ಅಲ್ಲಿ ಯಾರೂ ಅವನ ಜಾತಿ ಕೇಳಿರಲಿಲ್ಲ. ದೊಡ್ಡ ಡಾಕ್ಟರೂ ಅವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಅದು ಅವನಿಗೆ ಇಷ್ಟವಾಗಿತ್ತು, ಅಷ್ಟೆ. ಗುಟ್ಟು ಎನ್ನುವುದು ಒಬ್ಬರನ್ನೊಬ್ಬರು ಗುರುತಿಸಲು ಕೈ ಹಿಡಿಯುವ ಬಗೆ, ಒಂದೆರಡು ಸನ್ನೆ, ಒಂದೆರಡು ಮಾತು. ಅದನ್ನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದ, ಆದ್ದರಿಂದ ಹೇಳುತ್ತಿರಲಿಲ್ಲ.

ಆ ಹೇಳದಿರುವುದೇ ಮಗಳಿಗೆ ಮುಳುವಾಗಿತ್ತು. ರಕ್ಷಾಳಿಗೆ ಬಂದ ಎರಡು ಸಂಬಂಧ ಇದೇ ಕಾರಣಕ್ಕೆ ಮುರಿದಿದ್ದವು. ಮೂರನೆಯದು ಪೂರ್ಣೇಶ್‌ನದು. ಹುಡುಗ ಯಾದಗಿರಿಯಲ್ಲಿ ಸರ್ಕಾರಿ ಇಂಜಿನಿಯರು. ತಂದೆಯಿಲ್ಲ, ದೊಡ್ಡಪ್ಪ ಹೂವಪ್ಪಗೌಡರೇ ಎಲ್ಲ. ಹುಡುಗ ಹುಡುಗಿ ಎರಡು ಸಲ ಭೇಟಿಯಾಗಿ, ಈಗ ದಿನಾ ಫೋನಿನಲ್ಲಿ ಮಾತಾಡಿ ನಗುವಷ್ಟು ಹತ್ತಿರವಾಗಿದ್ದರು. ಇದೂ ತಪ್ಪಿದರೆ ಮಗಳು ಇನ್ನು ಯಾರೆದುರಿಗೂ ಬಂದು ಕೂರುವವಳಲ್ಲ. ಅದಕ್ಕೇ ಹೆಂಡತಿ ತನುಜಾ ಬೆಳಿಗ್ಗೆಯೇ ಎಚ್ಚರಿಸಿದ್ದಳು: "ಅವ್ರು ಅದ್ರ ಸುದ್ದಿ ಎತ್ತಿದ್ರೆ ಬಿಟ್ಬಿಟ್ಟಿದೀನಿ ಅನ್ನಿ. ನಿಮ್ಮ ಗಂಟೇನೂ ಹೋಗಲ್ಲ." ಬಚ್ಚಲಿನ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದ ಕೈಗವಸನ್ನೂ ಒಳಗಿಡಿಸಿದ್ದಳು. ಅವನು ತಾನೇ ಒಗೆದು ಅಲ್ಲಿ ಒಣಗಿಸಿಕೊಳ್ಳುತ್ತಿದ್ದ. ಬೀದಿಗೆ ಕಾಣುವಂತೆ ಹಾಕಬೇಡಿ ಎಂದು ಅವಳು ಹೇಳಿ ಎಷ್ಟೋ ವರ್ಷವಾಗಿತ್ತು.

ಕೋಡುಬಳೆ, ಕಾಫಿ ಮುಗಿದವು. ಜಾತಕ ಕೂಡಿದೆ, ಮದುವೆ ಛತ್ರ ನಿಮ್ಮ ಇಷ್ಟ ಎಂಬ ಮಾತೂ ಮುಗಿಯಿತು. ಹೂವಪ್ಪಗೌಡರು ಟವೆಲಿನಿಂದ ಬಾಯಿ ಒರೆಸಿಕೊಂಡು, "ಇನ್ನೊಂದು ಮಾತು ಇತ್ತು" ಎಂದರು.

ಸುರೇಂದ್ರ ಬೆನ್ನು ನೇರ ಮಾಡಿ ಕೂತ. ಬುರುಡೆಯಿಲ್ಲ, ದೆವ್ವವಿಲ್ಲ, ಮತಾಂತರವಿಲ್ಲ ಎಂದು ಹೇಳಲು ಬಾಯಿ ತಯಾರಾಗಿತ್ತು.

"ನಮ್ ಪೂರ್ಣೇಶ ಯಾದಗಿರೀಲಿ ಬಿಸ್ಲಲ್ಲಿ ಬೇಯ್ತಾ ಇದಾನೆ ಮಾರಾಯ್ರೆ. ಸಾಗರಕ್ಕೋ ಶಿವಮೊಗ್ಗಕ್ಕೋ ಹಾಕ್ಸಿ ಕೊಟ್ರೆ ಸಾಕಿತ್ತು. ನಮಿಗೆ ವರದಕ್ಷಿಣೆ ಗಿರದಕ್ಷಿಣೆ ಎಂತದೂ ಬ್ಯಾಡ. ನಿಮ್ಮೋರು ಎಲ್ಲಾ ಕಡೆ ಮೇಲಿನ ಕುರ್ಚೀಲೇ ಇದಾರಂತೆ ಅಲ್ದಾ? ಕೈ ಹಿಂಗೆ ಒತ್ತಿದ್ರೆ ಫೈಲು ಮುಂದೆ ಹೋಗ್ತದಂತೆ."

ಸುರೇಂದ್ರನಿಗೆ ನಗು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಹೆದರಿ ದೂರ ಹೋದವರಿಗೆ ಉತ್ತರ ಹೇಳಿ ಅಭ್ಯಾಸವಾಗಿತ್ತು. ಆಸೆಪಟ್ಟು ಹತ್ತಿರ ಬಂದವರಿಗೆ ಏನು ಹೇಳುವುದು? ಒಂದು ಸಲ ತಲೆ ಆಡಿಸಿದರೆ ಸಾಕಿತ್ತು. ಒಳಕೋಣೆಯ ಪರದೆಯ ಕೆಳಗೆ ರಕ್ಷಾಳ ಪಾದ ಕಾಣುತ್ತಿತ್ತು.

"ಹಂಗೆಲ್ಲ ಏನಿಲ್ಲ ಗೌಡ್ರೆ. ನಮ್ಮಲ್ಲಿ ಇರೋರು ನನ್ನಂಥೋರೇ."

"ಹಂಗೇ ಹೇಳ್ಬೇಕು ನೀವು. ವಿಡಿಯೋದಲ್ಲೂ ಅದೇ ಹೇಳಿದ್ರು, ಕೇಳಿದ್ರೆ ಒಪ್ಪಲ್ಲ ಅಂತ" ಎಂದು ಗೌಡರು ಸಂತೋಷದಿಂದ ತೊಡೆ ತಟ್ಟಿಕೊಂಡರು.

"ಹೇಳ್ತಾರೆ ಬಿಡಿ ಗೌಡ್ರೆ" ಎಂದಳು ತನುಜಾ, ಅಡುಗೆಮನೆಯ ಬಾಗಿಲಿನಿಂದ. "ಮಗಳಿಗೆ ಅಂತ ಒಂದು ಮಾತು ಹೇಳದೆ ಇರ್ತಾರಾ?"

ಸುರೇಂದ್ರ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಸಂಘಕ್ಕೆ ಸೇರಿದ ದಿನ ಅವನನ್ನು ಮೊದಲು ಕೇಳಿದ್ದೇ, ಯಾವ ಲಾಭದ ಆಸೆಯೂ ಇಲ್ಲದೆ ಬಂದಿದ್ದೀಯಾ ಎಂದು. ಹೌದು ಎಂದಿದ್ದ. ಆದರೆ ಈಗ ಅವನನ್ನು ತಡೆದದ್ದು ಆ ಮಾತೂ ಅಲ್ಲ. ಮದುವೆಯಾಗಿ ವರ್ಷ ಕಳೆದರೂ ವರ್ಗಾವಣೆ ಬಾರದಿದ್ದರೆ ಆ ಮನೆಯಲ್ಲಿ ಮಗಳು ದಿನಾ ಕೇಳಬೇಕಾದ ಮಾತು ಅವನಿಗೆ ಈಗಲೇ ಕೇಳಿಸುತ್ತಿತ್ತು.

"ಇಲ್ಲ" ಎಂದ. "ನನ್ನ ಕೈಲಿ ಆಗದ್ದಕ್ಕೆ ಮಾತು ಕೊಡಲ್ಲ. ಅದನ್ನ ನಂಬ್ಕಂಡು ಸಂಬಂಧ ಮಾಡ್ಬೇಡಿ."

ಹೂವಪ್ಪಗೌಡರ ಮುಖ ಗಂಟಾಯಿತು. ಮನೆಯಲ್ಲಿ ಕೇಳಿ ಹೇಳುತ್ತೇವೆಂದು ಎದ್ದರು. ಹೋಗುವಾಗ ಕೈ ಕೊಡಲಿಲ್ಲ.

ಮೆಟ್ಟಿಲಿನ ಮೇಲೆ ಅವರ ಹೆಜ್ಜೆಯ ಸದ್ದು ನಿಂತ ಮೇಲೆ ತನುಜಾ ಕಾಫಿ ಲೋಟಗಳನ್ನು ಎತ್ತಲು ಬಂದವಳು ಎತ್ತದೆ ನಿಂತಳು.

"ಯೋಗರಾಜನಿಗೋಸ್ಕರ ಯಾರನ್ನೂ ಕೇಳ್ಲಿಲ್ಲ. ಆಯ್ತು, ಅವ್ನು ನನ್ನ ತಮ್ಮ, ನಿಮ್ಗೇನೂ ಅಲ್ಲ. ಮಗಳಿಗೋಸ್ಕರನೂ ಕೇಳಲ್ವಾ?"

ಸುರೇಂದ್ರನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಯೋಗರಾಜ್ ಹೋದದ್ದು ಕೊರೊನಾದ ಎರಡನೆಯ ಅಲೆಯಲ್ಲಿ. ಎಲ್ಲಿಯೂ ಬೆಡ್ ಸಿಗದೆ, ಆಂಬುಲೆನ್ಸಿನಲ್ಲೇ.

"ಕೇಳ್ಲಿಲ್ಲ ಅಂತ ಯಾರು ಹೇಳಿದ್ದು?"

"ನೀವೇ. ನಿಮ್ಮ ಲಾಡ್ಜಿನ ಡಾಕ್ಟ್ರಿಗೆ ಒಂದು ಮಾತು ಹೇಳಿ ಅಂತ ಕಾಲು ಹಿಡಿಯದೊಂದು ಬಾಕಿ. ಹೊರಗೆ ಹೋಗಿ ಬಂದು ಆಗಲ್ಲ ಅಂದ್ರಿ. ಇವಳ ಹಾಸ್ಟೆಲ್ ಸೀಟಿಗೆ ಹೇಳಿ ಅಂದಾಗ್ಲೂ ಹಿಂಗೇ, ನಮ್ಮಲ್ಲಿ ಹಂಗೆ ಕೇಳೋ ಪದ್ಧತಿ ಇಲ್ಲ ಅಂದಿದ್ರಿ. ಸೀಟಿಗೆ ಪದ್ಧತಿ ಇಲ್ಲ, ಸರಿ. ಜೀವಕ್ಕೂ ಇಲ್ವಾ?"

"ಕೇಳಿದ್ದೆ ತನು." ಅವನ ದನಿ ಅವನಿಗೇ ಬೇರೆಯವರದೆಂಬಂತೆ ಕೇಳಿತು. "ಪದ್ಧತಿ ಗಿದ್ಧತಿ ಬದಿಗಿಟ್ಟು ಎಲ್ರನ್ನೂ ಕೇಳ್ದೆ. ಪೋಸ್ಟ್‌ಮಾಸ್ಟರನ್ನೂ ಬಿಡ್ಲಿಲ್ಲ. ಡಾಕ್ಟ್ರು ಫೋನಲ್ಲೇ ಅತ್ರು. ಅವ್ರ ತಾಯಿನೇ ಆಸ್ಪತ್ರೆ ವರಾಂಡದಲ್ಲಿ ಮಲಗಿದ್ರು, ಅವ್ರಿಗೇ ಬೆಡ್ ಇರ್ಲಿಲ್ಲ. ಅದಕ್ಕೇ ಆಗಲ್ಲ ಅಂದೆ. ಇನ್ನೆಂತ ಹೇಳ್ಲಿ?"

ತನುಜಾ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ಅವಳು ಬಾಳಿದ್ದು, ಕೈಯಲ್ಲಿದ್ದೂ ಕೊಡದ ಒಬ್ಬ ಗಂಡಸಿನ ಜೊತೆ. ಬಡಿಸುವಾಗ, ಬಾಗಿಲು ತೆಗೆಯುವಾಗ, ಅವನ ಕೋಟಿಗೆ ಇಸ್ತ್ರಿ ಹಾಕುವಾಗ ಆ ಸಿಟ್ಟು ಅವಳ ಜೊತೆಗಿತ್ತು. ತಮ್ಮನ ನೆನಪೂ ಆ ಸಿಟ್ಟಿನಲ್ಲೇ ಉಳಿದಿತ್ತು. ಈಗ ಎದುರಿಗೆ ಕೂತವನ ಕೈಯಲ್ಲಿ ಏನೂ ಇರಲಿಲ್ಲವಂತೆ. ಹಾಗಾದರೆ ತಮ್ಮನನ್ನು ಉಳಿಸಬಹುದಾಗಿದ್ದವರು ಯಾರೂ ಇರಲಿಲ್ಲ. ಅವಳಿಗೆ ಅಳು ಬಂತು, ಸೆರಗನ್ನು ಬಾಯಿಗೊತ್ತಿ ಅತ್ತಳು. ಪರದೆ ಸರಿಸಿ ಬಂದ ರಕ್ಷಾ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ನಡುವೆ ನಿಂತಳು.

"ಆ ಪೆಟ್ಟಿಗೆ ತೆಗೀರಿ" ಎಂದಳು ತನುಜಾ, ಅತ್ತು ಮುಗಿದ ಮೇಲೆ. ಬೀರುವಿನ ಮೇಲಿದ್ದ ಚಪ್ಪಟೆ ಕಪ್ಪು ಪೆಟ್ಟಿಗೆಯನ್ನು ಅವಳು ಧೂಳು ಹೊಡೆಯಲಿಕ್ಕೂ ಮುಟ್ಟಿದವಳಲ್ಲ. ಸುರೇಂದ್ರ ಇಳಿಸಿಕೊಟ್ಟ. ಸೊಂಟಕ್ಕೆ ಕಟ್ಟುವ ನೀಲಿ ಅಂಚಿನ ಬಿಳಿ ಚರ್ಮದ ತುಂಡೊಂದು, ಬಾಯಿಪಾಠದ ಸಣ್ಣ ಪುಸ್ತಕ, ಕೈಗವಸು. ಅವಳು ಚರ್ಮವನ್ನೆತ್ತಿ ಕೆಳಗೆ ನೋಡಿದಳು. ಪೆಟ್ಟಿಗೆಯ ತಳ ಕಂಡಿತು. ಬಲಗೈಯ ಕೈಗವಸಿನ ಮೇಲೆ ಸಾರಿನ ಕಲೆಯಿತ್ತು.

"ಇಷ್ಟೇನಾ?"

"ಇಷ್ಟೇ."

ಮಾರನೆಯ ಬೆಳಿಗ್ಗೆ ಸುರೇಂದ್ರ ಅಂಗಡಿಯ ಬೀಗದ ಕೈ ಹುಡುಕುತ್ತಿದ್ದಾಗ ತನುಜಾಳ ಫೋನು ಬಡಿದುಕೊಂಡಿತು. ಹೂವಪ್ಪಗೌಡರ ದನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು.

"ನಿನ್ನೆ ಯೋಚ್ನೆ ಮಾಡ್ದೆ ತಂಗಿ. ನಿಮ್ ಯಜಮಾನ್ರು ಭಾರೀ ಗಟ್ಟಿ ಮನ್ಷ. ಮಗಳ ಮದ್ವೆ ನಿಂತ್ರೂ ಬಾಯಿ ಬಿಡ್ಲಿಲ್ಲ ಅಂದ್ರೆ ಒಳಗೆ ಎಷ್ಟು ದೊಡ್ಡದಿರ್ಬೇಕು! ಬಾಯಲ್ಲಿ ಹೇಳದು ಬ್ಯಾಡ, ಅರ್ಥ ಆತು. ನಮಿಗೆ ಒಪ್ಗೆ."

ಸಿಕ್ಕ ಬೀಗದ ಕೈಯನ್ನು ಸುರೇಂದ್ರ ಜೇಬಿಗೆ ಹಾಕಿಕೊಂಡ. ಫೋನಿಗೆ ಕೈ ಚಾಚಿ ಮತ್ತೆ ಮೊದಲಿನಿಂದ ಹೇಳುವ ತ್ರಾಣ ಅವನಲ್ಲಿರಲಿಲ್ಲ. ಹೇಳಿದರೆ ಗೌಡರಿಗೆ ಅದೂ ಇನ್ನೊಂದು ಗುಟ್ಟಾಗಿಯೇ ಕಾಣುತ್ತಿತ್ತು. ತನುಜಾ ಅವನನ್ನು ನೋಡಿದಳು, ಮಗಳ ಕೋಣೆಯ ಬಾಗಿಲನ್ನು ನೋಡಿದಳು.

"ಇಲ್ಲ ಗೌಡ್ರೆ" ಎಂದಳು. "ಪೆಟ್ಟಿಗೆ ತೆಗೆದು ನಾನೇ ನೋಡಿದೀನಿ. ಅವ್ರ ಕೈಲಿ ಏನೂ ಇಲ್ಲ. ನನ್ನ ತಮ್ಮನಿಗೇ ಒಂದು ಬೆಡ್ ಕೊಡ್ಸಕ್ಕೆ ಆಗ್ಲಿಲ್ಲ ಅವ್ರಿಗೆ. ವರ್ಗಾವಣೆ ಎಲ್ಲಿಂದ ಮಾಡ್ಸ್ತಾರೆ?"

ಆ ಕಡೆಯ ದನಿ ಸಣ್ಣದಾಯಿತು.

"ಎಂತದೂ ಇಲ್ವಾ?"

"ಎಂತದೂ ಇಲ್ಲ."

"ಹಂಗಾರೆ..." ಗೌಡರು ದೀರ್ಘವಾಗಿ ಉಸಿರೆಳೆದರು. "ಹುಡ್ಗ ನಿಮ್ ಹುಡ್ಗಿನೇ ಆಗ್ಬೇಕು ಅಂತ ಹಟ ಹಿಡ್ದು ಕೂತಿದಾನೆ. ನೋಡನ. ಅವ್ನನ್ನೇ ಕಳಿಸ್ತೀನಿ, ಬಂದು ಮಾತಾಡ್ಲಿ."

ಫೋನು ಇಟ್ಟ ತನುಜಾ ಬಚ್ಚಲಿಗೆ ಹೋದಳು. ಸುರೇಂದ್ರ ಕೆಳಗಿಳಿದು ಅಂಗಡಿಯ ಷಟರ್ ಎತ್ತಿ, ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿದ. ಮೇಲೆ ಬಕೆಟ್ಟಿನ ಸದ್ದು, ಒಗೆಯುವ ಸದ್ದು ಕೇಳಿ ನಿಂತಿತು. ಎದುರಿನ ಹೂವಿನಂಗಡಿಯ ಶೇಷಮ್ಮ ಮಾಲೆ ಕಟ್ಟುವುದನ್ನು ಬಿಟ್ಟು ಮೇಲೆ ನೋಡತೊಡಗಿದ್ದರಿಂದ ಅವನೂ ರಸ್ತೆಗಿಳಿದು ತಲೆಯೆತ್ತಿದ.

ಬೀದಿಯ ಕಡೆಯ ತಂತಿಗೆ, ಮಗಳ ದುಪಟ್ಟಾದ ಪಕ್ಕದಲ್ಲಿ, ತನುಜಾ ಎರಡು ಕೈಗವಸುಗಳನ್ನು ಕ್ಲಿಪ್ಪು ಹಾಕಿ ಹರವಿದ್ದಳು. ಹತ್ತು ಬೆರಳಿನ ತುದಿಯಿಂದಲೂ ನೀರು ಅಂಗಡಿಯ ಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು.