ಕಿಟಕಿ ಪಕ್ಕದ ಒಲೆ

ಉಪ್ಪಿನ ವಿಷಯಕ್ಕೆ ಹುಟ್ಟಿದ ಜಗಳ ಅದು. ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ತಂಗಿ ಮುಖ ಕಿವುಚಿದಳು. "ಹಾಗಾದ್ರೆ ನೀನೇ ಬೇಯಿಸ್ಕೊಂಡು ತಿನ್ನು," ಎಂದಳು ಅಕ್ಕ. ಅಂದದ್ದೇ ತಡ, ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದ ತಂಗಿ ಸಂಜೆಗೇ ಹೊಸ ಒಲೆ ತಂದು ಕಿಟಕಿ ಪಕ್ಕ ಇಟ್ಟಳು. ಆಗಲೇ ಎಂಟು ತಿಂಗಳಾಯಿತು. ಒಂದೇ ಅಡುಗೆಮನೆ, ಎರಡು ಒಲೆ, ಮಾತಿಲ್ಲ ಕತೆಯಿಲ್ಲ. ಅಕ್ಕನಿಗೆ ಅರವತ್ತು, ತಂಗಿಗೆ ಐವತ್ತು. ಹಟಕ್ಕೆ ನಿಂತರೆ ಇಬ್ಬರಿಗೂ ಐದು.

ಇವತ್ತು ಮಧ್ಯಾಹ್ನ ಅಕ್ಕ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಾಗ ಜನಗಣತಿಯ ಟೀಚರ್ ಬಂದರು.

"ಒಲೆ ಎಷ್ಟಮ್ಮಾ?"

"ಎರಡು. ನಂದು ನಂಗೆ, ನನ್ ತಂಗೀದು ಅವಳಿಗೆ." ಅಕ್ಕನ ದನಿಯಲ್ಲಿ ಜಂಬವೇ ಇತ್ತು.

ಟೀಚರ್ ಇನ್ನೊಂದು ಹಾಳೆ ತೆಗೆದರು. "ಹಾಗಾದ್ರೆ ಎರಡು ಮನೆ ಅಂತ ಬರೀತೀನಿ. ನಮ್ಮ ಲೆಕ್ಕದಲ್ಲಿ ಮನೆ ಅಂದ್ರೆ ಗೋಡೆ, ಸೂರು ಅಲ್ಲ. ಒಂದೇ ಒಲೇಲಿ ಬೇಯಿಸ್ಕೊಂಡು ಉಣ್ಣೋರು ಒಂದು ಮನೆ. ನಿಮ್ಮನೇಲಿ ಎಷ್ಟು ಜನ?"

"ನಾನು..." ಅಕ್ಕ ತಡವರಿಸಿದಳು. "ನಾನೊಬ್ಳೇ."

ತನ್ನ ಮಾತು ತನ್ನ ಕಿವಿಗೇ ಬಿದ್ದಾಗ ಅಕ್ಕ ಹೊಲಿಗೆ ಕೆಳಗಿಟ್ಟಳು. ಅಮ್ಮ ತೀರಿಕೊಂಡಾಗ ತಂಗಿಗೆ ಆರು ವರ್ಷ. ತುತ್ತು ಮಾಡಿ ತಿನ್ನಿಸಿ, ಅವಳನ್ನು ಸಾಕುವುದರಲ್ಲೇ ತನ್ನ ಮದುವೆ ಮರೆತವಳು ಈ ಅಕ್ಕ. ಈಗ ನೋಡಿದರೆ ಆ ಕೂಸು ಬೇರೆ ಮನೆಯವಳು! ಈ ಹಾಳು ಸಿಟ್ಟಿಗೆ ಬೆಂಕಿ ಬೀಳ.

"ಒಂದ್ನಿಮಿಷ, ಬರೀಬೇಡಿ."

"ಇದ್ದದ್ದನ್ನ ಇದ್ದ ಹಾಗೆ ಬರೀಲೇಬೇಕಲ್ಲಮ್ಮಾ. ಮಹಡಿಯವರದ್ದು ಮುಗಿಸ್ಕೊಂಡು ಬರ್ತೀನಿ," ಎಂದು ಟೀಚರ್ ಮೆಟ್ಟಿಲೇರಿದರು.

ಅಕ್ಕ ತನ್ನ ಒಲೆಯನ್ನು ಒರೆಸಿ ಅಟ್ಟಕ್ಕೇರಿಸಿದಳು. ಇಬ್ಬರಿಗಾಗುವಷ್ಟು ಅಕ್ಕಿ ತೊಳೆದು ಕಿಟಕಿ ಪಕ್ಕದ ಒಲೆಯ ಮೇಲಿಟ್ಟಳು. ತಂಗಿ ಬಂದು ಪಾತ್ರೆ ಎತ್ತಿ ಬಿಸಾಕಿದರೆ? ಆದರೂ ಬೆಂಕಿ ಹೊತ್ತಿಸಿಯೇಬಿಟ್ಟಳು.

ಊಟಕ್ಕೆಂದು ತಂಗಿ ಬರುವುದಕ್ಕೂ ಟೀಚರ್ ಇಳಿದು ಬರುವುದಕ್ಕೂ ಸರಿಹೋಯಿತು. ತಂಗಿ ತನ್ನ ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆ ನೋಡಿದಳು, ಆಚೆ ಖಾಲಿ ಬಿದ್ದ ಜಾಗ ನೋಡಿದಳು. ಅಕ್ಕ ಸೌಟು ಹಿಡಿದು ಗೋಡೆಯ ಕಡೆ ತಿರುಗಿದ್ದಳು.

"ಉಪ್ಪು ಹಾಕಿದ್ಯಾ?" ಎಂಟು ತಿಂಗಳ ಮೇಲೆ ತಂಗಿ ಆಡಿದ ಮೊದಲ ಮಾತು.

"ಇಲ್ಲ. ನೀನೇ ಹಾಕು."

ತಂಗಿ ಡಬ್ಬಿ ತೆರೆದು ಒಂದು ಚಿಟಿಕೆ ಹಾಕಿದಳು. ಅಕ್ಕನ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಚಿಟಿಕೆ ಹಾಕಿದಳು.

"ಬರ್ಕೊಳ್ಳಿ ಟೀಚರ್," ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. "ನಮ್ಮನೇಲಿ ಇಬ್ರು."