ಒಂದು ಗೇಣೂ ಉಳಿಯಲಿಲ್ಲ

ಟೈಲರ್ ಮಾಸ್ಟರು ಸುಳ್ಳು ಹೇಳುವವರಲ್ಲ ಎಂದು ಬೀದಿಯೆಲ್ಲ ನಂಬಿತ್ತು. ಅವರು ಹೇಳುತ್ತಿದ್ದದ್ದು ಒಂದೇ ಸುಳ್ಳು, ಅದನ್ನು ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು: "ನಿಮ್ಮ ಬಟ್ಟೇಲಿ ಒಂದು ಗೇಣೂ ಉಳೀಲಿಲ್ಲ." ಹಾಗೆ 'ಉಳಿಯದ' ತುಂಡುಗಳನ್ನೆಲ್ಲ ಜೋಡಿಸಿ ತಮಗೊಂದು ಅಂಗಿ ಹೊಲಿದುಕೊಂಡು, ಅದು ಕಾಣದಂತೆ ಸುಡುಬೇಸಿಗೆಯಲ್ಲೂ ಕರಿಕೋಟು ತೊಟ್ಟು ಕೂರುತ್ತಿದ್ದರು. ಜನ ಅದನ್ನು ಗಾಂಭೀರ್ಯ ಎಂದುಕೊಂಡಿದ್ದರು. ಜನಕ್ಕೇನು, ಏನು ಬೇಕಾದರೂ ಅಂದುಕೊಳ್ಳುತ್ತಾರೆ.

ಆ ಬೆಳಿಗ್ಗೆ ಮಷಿನ್ ತುಳಿಯುತ್ತಿದ್ದ ಹಾಗೇ ಎದೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿದಂತಾಯಿತು. ನೋವು ಎಡಗೈಗೆ ಇಳಿಯಿತು, ದವಡೆಗೆ ಏರಿತು. ಮೈಯೆಲ್ಲ ತಣ್ಣನೆಯ ಬೆವರು.

"ಗ್ಯಾಸು ಕಣೇ," ಎಂದರು ಹೆಂಡತಿಗೆ.

"ಗ್ಯಾಸಿಗೆ ಮುಖ ಹೀಗೆ ಬಿಳಿಚ್ಕೊಳಲ್ಲ ರೀ," ಎಂದವಳೇ ಆಕೆ ಗುಂಡಿ ಹಾಕುತ್ತಿದ್ದ ಸೂಜಿಯನ್ನು ದಾರದುಂಡೆಗೆ ಚುಚ್ಚಿ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಎಮರ್ಜೆನ್ಸಿಯಲ್ಲಿ ನರ್ಸು ಮಂಚದ ಪರದೆ ಎಳೆದು, "ಅಣ್ಣಾ, ಕೋಟು, ಅಂಗಿ ಬಿಚ್ಚಿ. ಇಸಿಜಿ ತೆಗೀಬೇಕು," ಎಂದಳು.

ಮಾಸ್ಟರು ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಕೋಟಿನ ಮೇಲೇ ತೆಗೀರಿ."

"ಹಾರ್ಟ್ ಅಟ್ಯಾಕ್ ಅನುಮಾನ ಇರೋದು ನಿಮಗೆ, ಕೋಟಿಗಲ್ಲ."

ಅಷ್ಟರಲ್ಲಿ ಬಂದ ಡಾಕ್ಟರಮ್ಮನನ್ನು ಕಂಡದ್ದೇ ಮಾಸ್ಟರ ಜೀವ ಬಾಯಿಗೆ ಬಂತು. ಹೋದ ತಿಂಗಳಷ್ಟೇ ಅವರ ಮನೆಗೆ ಕಿಟಕಿ ಪರದೆ ಹೊಲಿದುಕೊಟ್ಟಿದ್ದರು. ಹಸಿರು ಬಟ್ಟೆ, ಬಿಳಿ ಚುಕ್ಕಿ. ಆ ಬಟ್ಟೆ ಈಗ ಅಂಗಿಯ ಬೆನ್ನಾಗಿ ಹಾಯಾಗಿತ್ತು.

ಡಾಕ್ಟರಮ್ಮ ಮಾತ್ರೆ ಕೊಟ್ಟರು. "ಆಸ್ಪಿರಿನ್. ಹಾಗೇ ನುಂಗಬೇಡಿ, ಜಗೀರಿ." ಮಾಸ್ಟರು ವಿಧೇಯರಾಗಿ ಜಗಿದರು. ಕೈ ಮಾತ್ರ ಕೋಟಿನ ಗುಂಡಿ ಬಿಡಲಿಲ್ಲ.

"ಮಾಸ್ಟ್ರೇ, ರಕ್ತನಾಳ ಕಟ್ಕೊಂಡಿದ್ರೆ ತಡ ಮಾಡಿದಷ್ಟೂ ಹೃದಯದ ಸ್ನಾಯು ಸಾಯ್ತಾ ಹೋಗುತ್ತೆ. ಅದಕ್ಕೆ ತೇಪೆ ಹಾಕೋಕಾಗಲ್ಲ."

ಮಾಸ್ಟರಿಗೆ ನಿಜಕ್ಕೂ ಭಯವಾಯಿತು. ಪ್ರಾಣದ ಭಯ ಒಂದು ಕಡೆ, ಮಾನದ ಭಯ ಇನ್ನೊಂದು ಕಡೆ. ಮಾನದ್ದೇ ಒಂದು ತೂಕ ಹೆಚ್ಚು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರದೋ, ಹೆಗಲ ಮೇಲಿದ್ದದ್ದೇ ಕುಂಬಳಕಾಯಿ.

ಆ ಅಂಗಿಗೆ ಕಾಜ ಹೊಲಿದವಳೇ ಹೆಂಡತಿ, ಅವಳಿಗೆ ತಿಳಿಯದ್ದೇನು? ಕಿವಿಯ ಹತ್ತಿರ ಬಗ್ಗಿದಳು. "ರೀ, ನೀವು ಸತ್ರೂ ಈ ಕೋಟು ಬಿಚ್ಚೇ ಬಿಚ್ತಾರೆ. ಆಗ ಬೀದಿಯೋರೆಲ್ಲ ನಿಂತು ನೋಡ್ತಾರೆ. ಈಗಾದ್ರೆ ಇಬ್ಬರೇ."

ಮಾಸ್ಟರು ತಾವೇ ಗುಂಡಿ ಬಿಚ್ಚಿದರು.

"ಅಯ್ಯಯ್ಯೋ, ಈ ತೋಳು ನನ್ನ ಮಗಳ ಫ್ರಾಕಿಂದು!" ಎಂದಳು ನರ್ಸು. ಡಾಕ್ಟರಮ್ಮ ಅಂಗಿಯ ಬೆನ್ನನ್ನು ಒಮ್ಮೆ ನೋಡಿದರು. ಎದೆಗೆ ತಂತಿಗಳನ್ನು ಅಂಟಿಸಿ, ಹೊರಬಂದ ಕಾಗದದ ಗೆರೆಗಳನ್ನು ಓದಿ, "ಅಟ್ಯಾಕೇ. ನಡೀರಿ, ನಾಳ ತೆರೆಯೋಣ," ಎಂದು ಮಂಚ ತಳ್ಳಿಸಿಕೊಂಡೇ ಹೋದರು. ಹೆಂಡತಿ ಅಂಗಿಯನ್ನು ಎದೆಗವುಚಿಕೊಂಡು ಬಾಗಿಲವರೆಗೂ ಓಡಿದಳು.

ಮಣಿಕಟ್ಟಿನಿಂದ ಸಣ್ಣ ಕೊಳವೆ ತೂರಿಸಿ ನಾಳ ತೆರೆದರು. ಸಂಜೆ ಡಾಕ್ಟರಮ್ಮ ವಾರ್ಡಿಗೆ ಬಂದಾಗ ಮಾಸ್ಟರು ತಲೆ ಎತ್ತಲಿಲ್ಲ.

"ಡಾಕ್ಟ್ರಮ್ಮಾ... ನನ್ನ ಹೃದಯ ಏನಾದ್ರೂ ಉಳಿದಿದೆಯಾ?"

ಡಾಕ್ಟರಮ್ಮ ಹೆಂಡತಿಯ ತೊಡೆಯ ಮೇಲಿದ್ದ ಹಸಿರು ಬೆನ್ನಿನ ಅಂಗಿಯನ್ನು ಸಾವಕಾಶವಾಗಿ ನೋಡಿದರು.

"ಬೇಕಾದಷ್ಟು ಉಳಿದಿದೆ ಮಾಸ್ಟ್ರೇ. ಉಳಿದಿದ್ರೆ ಉಳಿದಿದೆ ಅಂತಲೇ ಹೇಳೋಳು ನಾನು."