ಬೆಂಗಳೂರಿನವಳು

ಜಯದೇವಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ಶಶಿಧರ್ ಭಾವನ ಗದ್ದ ಎತ್ತಿ ಹಿಡಿದು, ಹಣೆಗೆ ಸುತ್ತಿದ ಬಟ್ಟೆಯನ್ನು ಗೋಡೆಯ ಮೊಳೆಗೆ ಬಿಗಿದ. ವಿಭೂತಿ ಬಳಿದ ಹೆಣ ಈಗ ನೆಟ್ಟಗೆ ಕೂತಿತು.

"ಅಕ್ಕ, ಅಯ್ಯನೋರು ಬಂದಾಯ್ತು. ಗುಣಿ ತೆಗೆದಾಗಿದೆ. ಎತ್ತೋಣ್ವಾ?"

"ಬೆಂಗಳೂರು ಬಸ್ಸು ಬರ್ಲಿ," ಅಂದಳು ಸರ್ವಮಂಗಳಾ.

"ಅದ್ರಲ್ಲಿ ಯಾರು ಬರೋರಿದ್ದಾರೆ? ಧನ್ಯಾ ಹಾಸನದಿಂದ ನಿನ್ನೆನೇ ಬಂದ್ಲಲ್ಲ."

ಬಾಗಿಲ ಬಳಿಯ ಹೆಂಗಸರು ಮುಖಮುಖ ನೋಡಿಕೊಂಡರು. ಯಾರೆಂದು ಕಳಸದ ಪೇಟೆಗೆಲ್ಲ ಗೊತ್ತಿತ್ತು. ದಿನಸಿ ಅಂಗಡಿಯ ಜಯದೇವಪ್ಪ ಎರಡು ಮೂರು ತಿಂಗಳಿಗೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಬೆಂಗಳೂರು ಬಸ್ಸು ಹತ್ತುತ್ತಿದ್ದ. ಚಿತ್ರ ಪ್ರದರ್ಶನ ನೋಡಲಿಕ್ಕೆ ಅನ್ನುತ್ತಿದ್ದ. ಬೆಲ್ಲ ತೂಗುವವನಿಗೆ ಎಂಥ ಚಿತ್ರ? ಅಲ್ಲಿ ಅವನಿಗೊಬ್ಬಳಿದ್ದಾಳೆ ಎಂದು ಪೇಟೆ ತೀರ್ಮಾನಿಸಿತ್ತು. ಸರ್ವಮಂಗಳಾ ಕೂಡ.

"ಅಂಥೋರಿಗೆ ಸುದ್ದಿ ಬೇಗ ಮುಟ್ತದೆ ಮಾರಾಯ್ತಿ," ಪಕ್ಕದ ಮನೆಯ ಭಾಗಮ್ಮ ಪಿಸುಗುಟ್ಟಿದಳು. "ಒಳ್ಳೆ ಸೀರೆ ಉಟ್ಕೊಂಡೇ ಇಳೀತಾಳೆ, ನೋಡ್ತಿರು."

* * *

ಒಮ್ಮೆ ಜಗಳ ತೆಗೆದು ಸರ್ವಮಂಗಳಾ ಜೊತೆಗೆ ಹೋಗಿದ್ದಳು. ಮ್ಯೂಸಿಯಮ್ಮಿನಲ್ಲಿ ಅವನು ಒಂದು ಹಳೆಯ ಚಿತ್ರದ ಮುಂದೆ ನಿಂತವನು ಕದಲಲಿಲ್ಲ. ಬತ್ತಿದ ಕೆರೆ, ಎರಡು ಎಮ್ಮೆ. ಅಷ್ಟೆ.

"ಇಲ್ಲಿ ಮೊದಲೊಂದು ಮರ ಬರ್ದಿದ್ರು. ಆಮೇಲೆ ಬೇಡ ಅಂತ ಮುಚ್ಚಿದ್ದಾರೆ. ಬಣ್ಣದ ಅಡೀಲಿ ಕಾಣ್ತದೆ ನೋಡು."

ಅವನ ಕಣ್ಣು ಒದ್ದೆಯಾಗಿತ್ತು. ಧನ್ಯಾ ಹುಟ್ಟಿದ ದಿನವೂ ಅಂಥ ಮುಖವನ್ನು ಅವಳು ಕಂಡಿರಲಿಲ್ಲ. ಅವಳು ಚಿತ್ರ ನೋಡಲಿಲ್ಲ. ಸುತ್ತ ಓಡಾಡುತ್ತಿದ್ದ ಹೆಂಗಸರನ್ನು ನೋಡಿದಳು.

"ಅವಳೆಲ್ಲಿ?"

"ಯಾರು?" ಅಂದ ಜಯದೇವಪ್ಪ.

ಎಂಥ ನಾಟಕ ಅಂದುಕೊಂಡಳು. ಮತ್ತೆ ಅವಳು ಹೋಗಲಿಲ್ಲ. ಅವನು ಕರೆಯಲೂ ಇಲ್ಲ.

* * *

"ಬಂದ್ರೆ ಎಂಥ ಮಾಡ್ತಿ ಅಮ್ಮ?" ಧನ್ಯಾ ಕೇಳಿದಳು.

"ಕೂರಿಸ್ತೀನಿ. ಕಾಫಿ ಕೊಡ್ತೀನಿ."

"ಯಾರೂ ಇರ್ಲಿಲ್ಲಮ್ಮ. ಬೆಂಗಳೂರಲ್ಲಿ ಓದುವಾಗ ಎಷ್ಟು ಸಲ ನಾನೇ ಜೊತೆಗೆ ಹೋಗಿದ್ದೀನಿ. ಅಪ್ಪ ಚಿತ್ರ ನೋಡೋಕೇ ಹೋಗ್ತಿದ್ರು."

"ನೀನು ಅಪ್ಪನ ಮಗಳು. ಬಾಯಿ ಮುಚ್ಚು."

ಹೆಣ್ಣೊಬ್ಬಳಿಗಾಗಿ ತನ್ನನ್ನು ಬಿಟ್ಟಿದ್ದರೆ ಅದು ಅರ್ಥವಾಗುವ ಮಾತು. ಎರಡು ಎಮ್ಮೆಗಾಗಿ ಬಿಟ್ಟಿದ್ದರೆ, ಇಷ್ಟು ವರ್ಷ ತಾನು ಯಾರನ್ನು ಶಪಿಸುತ್ತ ಬದುಕಿದ್ದು?

ಕೊನೆಗೆ ಶಶಿಧರ್ ಕಾಯಲಿಲ್ಲ. ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಹೆಣವನ್ನು ಕೂರಿಸಿ, ಹೆಗಲ ಮೇಲೆ ಹೊತ್ತು ರಸ್ತೆಗಿಳಿಸುವಾಗಲೇ ತಿರುವಿನಲ್ಲಿ ಬಸ್ಸು ಕಾಣಿಸಿತು. ಅದು ನಿಲ್ಲಲಿಲ್ಲ. ಜನರ ಪಕ್ಕದಲ್ಲೇ ತೆವಳಿಕೊಂಡು ಮುಂದೆ ಹೊರಟಿತು. ಸರ್ವಮಂಗಳಾ ಒಂದೊಂದೇ ಕಿಟಕಿ ನೋಡಿದಳು. ಗಾಜಿಗೆ ತಲೆಯಿಟ್ಟು ನಿದ್ದೆಹೋದವಳು. ಕಿತ್ತಳೆ ಸುಲಿಯುತ್ತಿದ್ದವಳು. ಹಿಂದಿನ ಸೀಟಿನಲ್ಲಿ ಯಾರೋ ಹುಡುಗಿ ಮೊಬೈಲು ಎತ್ತಿ, ಹೂವಿನ ನಡುವೆ ಕೂತವನ ಫೋಟೋ ತೆಗೆಯುತ್ತಿದ್ದಳು.

ಸರ್ವಮಂಗಳಾ ಧನ್ಯಾಳ ಕೈ ಕೊಡವಿ ಓಡಿದಳು. ಬಸ್ಸಿನ ಮೈಯನ್ನು ಅಂಗೈಯಿಂದ ಬಡಿದಳು.

"ಇವರು ನಿಂಗೆ ಗೊತ್ತಾ? ಹೇಳೇ, ಗೊತ್ತಾ?"

ಹುಡುಗಿ ಮೊಬೈಲು ಇಳಿಸಿ, ಕಿಟಕಿಯ ಗಾಜನ್ನು ಎಳೆದುಕೊಂಡಳು.